ಪರವಾಗಿಲ್ಲ

ಜೂನ್ 3, ಮಂಗಳವಾರ

ನಾನೂರಕ್ಕೆ ಮುನ್ನೂರ ಹನ್ನೆರಡು! ಹೋದ ವರ್ಷ ಇನ್ನೂರ ಎಂಬತ್ತೊಂದು ಬಂದು ಮುಖ ಊದಿಸಿಕೊಂಡು ಕೂತಿದ್ದ ನಮ್ಮ ಗುಂಡಿ, ಇಡೀ ವರ್ಷ ಮನೆಯಲ್ಲೇ ಓದಿ, ಎರಡನೇ ಸಲ ಬರೆದು ತೆಗೆದ ಅಂಕ. ಈ ಪ್ರವೇಶ ಪರೀಕ್ಷೆಯನ್ನು ಎರಡು ಸಲಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಹಾಗಾಗಿ ಫಲಿತಾಂಶ ತೆರೆಯುವಾಗ ಮೂವರೂ ಉಸಿರು ಬಿಗಿಹಿಡಿದಿದ್ದೆವು. ಇವರು ಬೇಕರಿ ವ್ಯಾನಿನ ಕೆಲಸ ಮುಗಿಸಿ ಆಗಷ್ಟೇ ಬಂದವರು, ಮಗಳನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿಸಿಕೊಂಡರು. ಹತ್ತೊಂಬತ್ತು ವರ್ಷದವಳನ್ನು ಎತ್ತಿಕೊಳ್ಳುವುದೆಂದರೇನು!

ಪಕ್ಕದ ಮನೆಯಾಕೆ ಇವತ್ತೂ ಕೇಳಿದಳು: "ಅಷ್ಟು ಜಾಣೆಗೆ ಗುಂಡಿ ಅಂತ ಯಾಕ್ರೀ ಕರೀತೀರಾ?" ವರ್ಷ ತುಂಬುವ ಮೊದಲೇ ನನ್ನ ಕೋಟಿನ ಗುಂಡಿ ನುಂಗಿ ನಮ್ಮ ಪ್ರಾಣ ತೆಗೆದವಳನ್ನು ಇನ್ನೇನೆಂದು ಕರೆಯಬೇಕಂತೆ. ಇವಳು ಅಂಗಿಯ ಗುಂಡಿ ಕಣಮ್ಮ, ರಸ್ತೆಯ ಗುಂಡಿಯಲ್ಲ ಎಂದೆ.

ಓದುವುದು ಅವಳ ಕೆಲಸ, ಮುಗಿಸಿದಳು. ಇನ್ನು ನನ್ನ ಸರದಿ. ಆಸ್ಪತ್ರೆಯ ಖರೀದಿ ವಿಭಾಗದಲ್ಲಿ ಸೂಜಿಯಿಂದ ಮಂಚದವರೆಗೆ ಎಲ್ಲಕ್ಕೂ ದರ ಹೋಲಿಸಿ, ಜಗ್ಗಿ, ಇಳಿಸಿ ಕೊಂಡವಳು ನಾನು. ಬೆನ್ನ ಹಿಂದೆ ನನ್ನನ್ನು 'ಕತ್ತರಿ' ಅನ್ನುತ್ತಾರೆ. ಬೇಜಾರಿಲ್ಲ, ಮೊಂಡು ಕತ್ತರಿ ಅನ್ನಲಿಲ್ಲವಲ್ಲ. ನಾಲ್ಕು ಕಾಲೇಜು ಹೋಲಿಸುವುದು ಯಾವ ಮಹಾ ಕೆಲಸ!

ಜೂನ್ 7, ಶನಿವಾರ

ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ ಗೆರೆ ಎಳೆದೆ. ರಾಜ್ಯದ ಗಡಿ ದಾಟಿದರೆ ಶುಲ್ಕ ದುಪ್ಪಟ್ಟು, ಆ ಮಾತೇ ಬೇಡ. ಗಡಿಯೊಳಗೆ ಕೃತಕ ಕೈಕಾಲು ತಯಾರಿಕೆಯ ಪದವಿ ಕೊಡುವ ಕಾಲೇಜುಗಳು ನಾಲ್ಕು. ಗಡಿಯಾರದ ಗೋಪುರ ಇರುವುದರಲ್ಲಿ ಹುಡುಗಿಯರ ಹಾಸ್ಟೆಲ್ಲೇ ಇಲ್ಲ. ಇನ್ನೊಂದರ ಫೋನು ಎತ್ತುವವರಿಲ್ಲ. ಉಳಿದದ್ದು ಎರಡು: ನದಿ ದಂಡೆಯ ಕಾಲೇಜು, ಬೈಪಾಸ್ ರಸ್ತೆಯ ಕಾಲೇಜು.

ನದಿ ಕಾಲೇಜಿನ ವರ್ಷದ ಖರ್ಚು, ಹಾಸ್ಟೆಲ್ ಸೇರಿ, ನನ್ನ ಏಳು ತಿಂಗಳ ಸಂಬಳ. ಬೈಪಾಸಿನದು ಐದು ತಿಂಗಳದ್ದು. ಹೋದ ವರ್ಷ ನದಿ ಕಾಲೇಜಿನ ಕೊನೆಯ ಸೀಟು ಹೋದದ್ದು ಮುನ್ನೂರ ಐದು ಅಂಕಕ್ಕೆ, ಬೈಪಾಸಿನದು ಇನ್ನೂರ ಅರವತ್ತಕ್ಕೆ. ನಮ್ಮ ಹತ್ತಿರ ಮುನ್ನೂರ ಹನ್ನೆರಡಿದೆ. ಬೈಪಾಸಿನವರು ಇವಳನ್ನು ನೋಡಿ ಕಣ್ಣಿಗೊತ್ತಿಕೊಳ್ಳಬೇಕು.

ಗುಂಡಿ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, "ಅಮ್ಮಾ, ವರ್ಕ್‌ಶಾಪಿಗೆ ಇದ್ರಲ್ಲಿ ಕಾಲಮ್ಮೇ ಇಲ್ವಲ್ಲ?" ಎಂದಳು.

"ಯೂನಿವರ್ಸಿಟಿ ಒಂದೇ, ಪದವಿ ಒಂದೇ, ಪಾಠ ಒಂದೇ. ನಮ್ಮಲ್ಲಿ ಇದಕ್ಕೆ ಸಮಾನ ಗುಣಮಟ್ಟ ಅಂತಾರೆ. ಆಮೇಲೆ ನೋಡೋದು ದರ ಮಾತ್ರ."

"ಸಮಾನ ಎಲ್ಲಮ್ಮಾ? ನದಿ ಕಾಲೇಜಲ್ಲಿ ಮೊದಲ್ನೇ ವಾರದಿಂದ್ಲೇ ಅಚ್ಚು ತೆಗಿಯೋಕೆ ಕೂರಿಸ್ತಾರೆ. ಬೈಪಾಸಲ್ಲಿ ವರ್ಕ್‌ಶಾಪು ಇನ್ನೂ ಕಟ್ತಾನೇ ಇದಾರೆ."

"ಕಟ್ತಿದಾರಲ್ಲ, ಮುಗಿಯತ್ತೆ ಬಿಡು."

ಇವಳಿಗೆ ಈ ಹುಚ್ಚು ಹಿಡಿದದ್ದು ನಮ್ಮ ಆಸ್ಪತ್ರೆಯಲ್ಲೇ. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ನನಗಾಗಿ ಕಾಯುತ್ತ ಹಿಂದಿನ ಕಟ್ಟಡದ ಕಾಲು ತಯಾರಿಸುವ ಕೋಣೆಯಲ್ಲಿ ಕೂತಿರುತ್ತಿದ್ದಳು. ಒಮ್ಮೆ ಒಬ್ಬ ಹೆಂಗಸು ಹೊಸ ಕಾಲು ಹಾಕಿಕೊಂಡು ಬಾಗಿಲವರೆಗೆ ನಡೆದು, ತಾನೇ ನಂಬಲಾರದೆ ಮತ್ತೆ ಮತ್ತೆ ನಡೆದಳಂತೆ. ಆ ವಾರವೆಲ್ಲ ಮನೆಯಲ್ಲಿ ಅದೇ ಕಥೆ. ಅವತ್ತಿನಿಂದ ನದಿ ಕಾಲೇಜು, ನದಿ ಕಾಲೇಜು ಎಂದು ಜಪ.

ಇವರು ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಲ್ಲಿಂದಲೇ ಕೇಳಿದರು, "ನನ್ನ ಮದುವೆ ಆಗೋವಾಗ್ಲೂ ಮೂರು ಕೊಟೇಶನ್ ತರಿಸಿದ್ಯೇನೇ?"

"ನೀವೊಬ್ರೇ ಬಂದಿದ್ದು. ಸಿಂಗಲ್ ಟೆಂಡರ್. ಇವತ್ತಿಗೂ ಆಡಿಟ್‌ನವರು ಒಪ್ಪಿಲ್ಲ" ಎಂದೆ. ಗುಂಡಿ ಬಿದ್ದು ಬಿದ್ದು ನಕ್ಕಳು.

ಜೂನ್ 9, ಸೋಮವಾರ

ಹಾಸಿಗೆಯ ಟೆಂಡರು ತೆರೆದೆವು. ಹಾಸಿಗೆ ಮಾಮ ಎಂದೇ ನಾವೆಲ್ಲ ಕರೆಯುವ ಮುದುಕಪ್ಪ ಎಷ್ಟೋ ವರ್ಷಗಳಿಂದ ಸರಬರಾಜು ಮಾಡುವವನು, ಈ ಸಲ ದರದ ಕೆಳಗೆ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದ: ಒಂದೇ ತಿಂಗಳಲ್ಲಿ ಹಣ ಕೊಟ್ಟರೆ ಇನ್ನೂ ಸ್ವಲ್ಪ ಬಿಡುತ್ತೇನೆ ಎಂದು. ಷರತ್ತು ಹಾಕಿದ ದರ ದರವೇ ಅಲ್ಲ. ಪಕ್ಕಕ್ಕಿಟ್ಟೆ. ಮಧ್ಯಾಹ್ನ ಓಡಿ ಬಂದ.

"ಮೇಡಂ, ಸುಮ್ನೆ ಕೇಳಿ ನೋಡಿದ್ದು ಅಷ್ಟೇ. ಬೇಡ ಅಂದ್ರೆ ಆ ಸಾಲು ಹೊಡೆದು ಹಾಕ್ಬಿಡಿ."

"ತೆರೆದ ಮೇಲೆ ಹೊಡೆಯೋ ಹಾಗಿಲ್ಲ ಮಾಮ. ಮುಂದಿನ ಸಲ ನೋಡೋಣ."

ಪಾಪ, ನಿಂತೇ ಇದ್ದ. ಆದರೆ ನಿಯಮ ನಿಯಮವೇ. ಟೆಂಡರು ಹಾಕಿದ್ದ ಎರಡನೆಯವನ ದರ ಹೇಗೂ ಕಡಿಮೆ. ಅವನ ಮಾದರಿ ಹಾಸಿಗೆಯನ್ನು ವಾರ್ಡಿಗೆ ಕಳಿಸಿದ್ದೆ, ಚೀಟಿ ಬಂತು. ಚೀಟಿಯಲ್ಲಿ ಮೂರೇ ಮನೆ: ಚೆನ್ನಾಗಿದೆ, ಪರವಾಗಿಲ್ಲ, ಬೇಡ. ದಾದಿಯರು 'ಪರವಾಗಿಲ್ಲ'ಕ್ಕೆ ಗುರುತು ಹಾಕಿದ್ದರು. ಮಾಮನದು ಯಾವಾಗಲೂ 'ಚೆನ್ನಾಗಿದೆ'. ಹೊಸದಾಗಿ ಸೇರಿದ ಗುಮಾಸ್ತೆಗೆ ಹೇಳಿಕೊಟ್ಟೆ: 'ಬೇಡ' ಬಂದರೆ ಬೈಗುಳ ನಮಗೆ, 'ಚೆನ್ನಾಗಿದೆ' ಬಂದರೆ ನಾವು ಹೆಚ್ಚು ತೆತ್ತಿದ್ದೇವೆ ಎಂದರ್ಥ, ಖರೀದಿಯವರ ಕಿವಿಗೆ 'ಪರವಾಗಿಲ್ಲ' ಎನ್ನುವುದಕ್ಕಿಂತ ಇಂಪಾದ ಮಾತು ಇನ್ನೊಂದಿಲ್ಲ. ಅವಳು ತಲೆಯಾಡಿಸಿದಳು. ಚುರುಕಿದ್ದಾಳೆ.

ಜೂನ್ 11, ಬುಧವಾರ

ಎರಡೂ ಕಾಲೇಜಿನಿಂದ ಸೀಟು ಬಂದಿದೆ! ಬೈಪಾಸಿನವರು ಅಂಕ ನೋಡಿ ಅರ್ಧ ಶುಲ್ಕ ಮಾಫಿ ಮಾಡಿದ್ದಾರೆ. ನದಿ ಕಾಲೇಜಿನವರು ಒಂದು ಕಾಸೂ ಬಿಟ್ಟಿಲ್ಲ. ಅವರಿಗೆ ಇಪ್ಪತ್ತನೇ ತಾರೀಕಿನೊಳಗೆ ಒಪ್ಪಿಗೆ ತಿಳಿಸಿ ಹಣ ಕಟ್ಟಬೇಕು, ಬೈಪಾಸಿನವರಿಗೆ ಇಪ್ಪತ್ನಾಲ್ಕರೊಳಗೆ.

ಗುಂಡಿ ನದಿ ಕಾಲೇಜಿನ ಪತ್ರವನ್ನು ಮೂರು ಸಲ ಗಟ್ಟಿಯಾಗಿ ಓದಿದಳು. ಹಾಸ್ಟೆಲ್ ಕಿಟಕಿಯಿಂದ ನೀರು ಕಂಡೇ ಕಾಣುತ್ತದೆ ಎಂದು ಅಪ್ಪನ ಹತ್ತಿರ ಬಾಜಿ ಕಟ್ಟಿದಳು. ಆಮೇಲೆ ನನ್ನ ಪಕ್ಕ ಬಂದು ಕೂತು, "ಅಮ್ಮಾ, ಸುಮ್ನೆ ಹೂಂ ಅಂದ್ಬಿಡೋಣ" ಎಂದಳು.

ಹಣವಿಲ್ಲವೆಂದಲ್ಲ. ಇವಳಿಗೆಂದೇ ಕೂಡಿಟ್ಟದ್ದು ಬ್ಯಾಂಕಿನಲ್ಲಿದೆ, ನಾಲ್ಕು ವರ್ಷಕ್ಕೆ ಹೇಗೋ ಆಗುತ್ತದೆ. ಆದರೆ ಹೇಳಿದ ಬೆಲೆಗೆ ಹೂಂ ಎನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. ಅವರ ಕೊನೆಯ ಸೀಟು ಮುನ್ನೂರ ಐದಕ್ಕೆ ಹೋಗಿತ್ತು. ನಾವು ಏಳು ಅಂಕ ಜಾಸ್ತಿ ಕೊಡುತ್ತಿದ್ದೇವೆ. ಕೇಳಿದ್ದಕ್ಕಿಂತ ಒಳ್ಳೆಯ ಮಾಲು ಕೊಟ್ಟ ಮೇಲೆ ನಾಲ್ಕು ಮಾತು ಕೇಳಬಾರದೇ?

ಜೂನ್ 12, ಗುರುವಾರ

ಊಟದ ಬಿಡುವಿನಲ್ಲಿ ಕೂತು ನದಿ ಕಾಲೇಜಿಗೆ ಗುಂಡಿಯ ಹೆಸರಿನಲ್ಲಿ ಬರೆದೆ. ನಾನೇ ಹೇಳಿಕೊಳ್ಳಬಾರದು, ಪತ್ರ ಹೂವಿನ ಹಾಗೆ ಬಂದಿದೆ. 'ತಮ್ಮ ಕಾಲೇಜಿಗೆ ಸೇರಲು ಅತ್ಯಂತ ಉತ್ಸುಕಳಾಗಿದ್ದೇನೆ. ಇನ್ನೊಂದು ಕಾಲೇಜು ಅರ್ಧ ಶುಲ್ಕ ಮಾಫಿ ಮಾಡಿದೆ. ತಾವೂ ಕಾಲು ಭಾಗವಾದರೂ ಕಡಿಮೆ ಮಾಡುವುದಾದರೆ ಸೀಟನ್ನು ಒಪ್ಪಿಕೊಳ್ಳುತ್ತೇನೆ.' ಕಾಲು ತಯಾರಿಸುವವರ ಹತ್ತಿರ ಕಾಲು ಭಾಗ ಕೇಳಿದ್ದೇನೆ ಎಂದರೆ ಇವರು ನಗಲಿಲ್ಲ.

"ನಿಂಗೆ ತಿಳಿದ ಹಾಗೆ ಮಾಡು. ಮಗು ಮುಖ ಒಂದ್ಸಲ ನೋಡು, ಅಷ್ಟೇ" ಎಂದರು. ಮುಖ ನೋಡಿ ವ್ಯಾಪಾರ ಮಾಡಿದ್ದರೆ ಈ ಮನೆ ಇಷ್ಟು ದೂರ ಬರುತ್ತಿತ್ತೇ?

ಗುಂಡಿ ಪತ್ರವನ್ನು ಪೂರ್ತಿ ಓದಿದಳು. ಓದದೆ ಸಹಿ ಹಾಕಬಾರದೆಂದು ಕಲಿಸಿದವಳು ನಾನೇ.

"ಅವ್ರು ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ ಅವ್ರು ಹೇಳಿದ ದರಕ್ಕೇ ತಗೊಳ್ಳೋದು. ಕೊನೇ ದಿನದವರೆಗೂ ಟೈಮಿದೆ. ಕೇಳೋದ್ರಲ್ಲಿ ನಷ್ಟ ಏನು?"

"ಪ್ರಾಮಿಸ್?"

"ನಿನ್ನಾಣೆ ಕಣೇ. ಇಪ್ಪತ್ತಕ್ಕೆ ಕಟ್ಟೇ ಕಟ್ತೀನಿ."

ಸಹಿ ಹಾಕಿದಳು. ಕಳಿಸಿದೆ.

ಜೂನ್ 17, ಮಂಗಳವಾರ

ಉತ್ತರವಿಲ್ಲ. ಒಳ್ಳೆಯ ಲಕ್ಷಣ. ಬೇಡವೆನ್ನುವವರು ತಕ್ಷಣ ಬೇಡವೆನ್ನುತ್ತಾರೆ, ಸುಮ್ಮನಿದ್ದಾರೆಂದರೆ ಒಳಗೆ ಲೆಕ್ಕ ಹಾಕುತ್ತಿದ್ದಾರೆ. ಗುಂಡಿ ಗಳಿಗೆಗೊಮ್ಮೆ ಫೋನು ತೆರೆದು ನೋಡುತ್ತಾಳೆ. ಫೋನು ಮಾಡಿ ಕೇಳಲೇ ಎಂದಳು. ಬೇಡವೆಂದೆ. ಮೊದಲು ಬಾಯಿ ಬಿಟ್ಟವರೇ ಸೋಲುವುದು.

ಜೂನ್ 20, ಶುಕ್ರವಾರ

ಬೆಳಗ್ಗೆ ಹಣ ಕಟ್ಟಲು ಕೂತೆವು. ಕಾಲೇಜಿನ ಪುಟ ತೆರೆದರೆ ಹಣ ಕಟ್ಟುವ ಜಾಗವೇ ಇಲ್ಲ. 'ಅರ್ಜಿದಾರರು ಸೀಟು ನಿರಾಕರಿಸಿದ್ದಾರೆ' ಎಂದು ಒಂದು ಸಾಲು ಇತ್ತು. ಏನೋ ತಾಂತ್ರಿಕ ತೊಂದರೆ ಎಂದೆ. ಗುಂಡಿ ಪುಟವನ್ನು ಮತ್ತೆ ಮತ್ತೆ ತೆರೆದಳು.

ಆಫೀಸಿಗೆ ಹೋಗದೆ ಫೋನು ಹಿಡಿದು ಕೂತೆ. ಕೊನೆಗೆ ಒಬ್ಬರು ಎತ್ತಿದರು. ಷರತ್ತಿನ ಒಪ್ಪಿಗೆಯನ್ನು ನಿರಾಕರಣೆ ಎಂದು ತೆಗೆದುಕೊಳ್ಳುತ್ತಾರಂತೆ, ಸೀಟು ಕಾಯುವ ಪಟ್ಟಿಯಲ್ಲಿದ್ದ ಮುಂದಿನವರಿಗೆ ಹೋಗಿದೆಯಂತೆ, ಅವರು ಹಣವನ್ನೂ ಕಟ್ಟಿಯಾಗಿದೆಯಂತೆ.

ನಾಳೆ ನಾನೇ ಹೋಗುತ್ತೇನೆ. ಎದುರು ನಿಂತು ಮಾತಾಡಿದರೆ ಆಗದ ಕೆಲಸವೇ ಇಲ್ಲ.

ಜೂನ್ 21, ಶನಿವಾರ

ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ.

ಗುಂಡಿಯನ್ನು ಕರೆದೆ, ಬರಲಿಲ್ಲ. ಒಬ್ಬಳೇ ಹೋದೆ. ಪ್ರವೇಶ ವಿಭಾಗದ ಕಿಟಕಿಯಲ್ಲಿ ಶೀತದಿಂದ ಮೂಗು ಕೆಂಪಾದ ಒಬ್ಬ ಹುಡುಗಿ. ಹೆಚ್ಚೆಂದರೆ ಇಪ್ಪತ್ತೈದು ಇರಬಹುದು. ನಮ್ಮ ಪತ್ರವನ್ನು ತೆಗೆದು ನನ್ನ ಕಡೆ ತಿರುಗಿಸಿ ಇಟ್ಟಳು. 'ಕಡಿಮೆ ಮಾಡುವುದಾದರೆ' ಎಂಬಲ್ಲಿ ಪೆನ್ಸಿಲಿನ ಗೆರೆ ಇತ್ತು.

"ಷರತ್ತು ಹಾಕಿದ್ರೆ ಅದು ಒಪ್ಪಿಗೆ ಅಲ್ಲ ಮೇಡಂ."

"ಇಲ್ಲಮ್ಮಾ, ಸುಮ್ನೆ ಕೇಳಿ ನೋಡಿದ್ದು ಅಷ್ಟೇ. ಆ ಸಾಲು ಹೊಡೆದು ಹಾಕ್ಬಿಡಿ. ಪೂರ್ತಿ ಹಣ ಈಗ್ಲೇ, ಇಲ್ಲೇ ಕಟ್ತೀನಿ."

"ಇಲ್ಲ ಮೇಡಂ. ಸೀಟು ಬೇರೆಯವರದಾಯ್ತು."

ನಾನು ನಿಂತೇ ಇದ್ದೆ. ಅವಳು ಮೂಗು ಒರೆಸಿಕೊಂಡು, ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡಿ, ನನ್ನ ಕೈಲಿ ಏನೂ ಇಲ್ಲ" ಎಂದಳು. ಒಳ್ಳೆಯ ಹುಡುಗಿಯೇ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಹೇಳಿದ್ದೆನಲ್ಲ.

ಹೊರಗೆ ಬಂದಾಗ ವರ್ಕ್‌ಶಾಪಿನ ಬಾಗಿಲು ತೆರೆದಿತ್ತು. ನೋಡಬಾರದಿತ್ತು, ನೋಡಿದೆ. ಉದ್ದನೆಯ ಕೋಣೆ, ಸಾಲಾಗಿ ಕಲ್ಲಿನ ಮೇಜುಗಳು, ಎಲ್ಲರ ಮೊಣಕೈವರೆಗೂ ಬಿಳಿ ಪುಡಿ. ಒಬ್ಬಳು ಹುಡುಗಿ ಪ್ಲಾಸ್ಟರಿನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳನ್ನು ತಿದ್ದುತ್ತಿದ್ದಳು. ಪಕ್ಕದ ಮೇಜು ಖಾಲಿಯಿತ್ತು. ಹಾಸ್ಟೆಲಿನ ಕಿಟಕಿಗಳನ್ನೂ ನೋಡಿದೆ. ನೀರು ಕಾಣುತ್ತದೆ. ಬಾಜಿಯಲ್ಲಿ ಗುಂಡಿಯೇ ಗೆದ್ದಳು.

ಇದನ್ನು ಅವಳಿಗೆ ಹೇಳಲಾರೆ. ಅಯ್ಯೋ, ನಾನೇನು ಮಾಡಿಬಿಟ್ಟೆ!

ಜೂನ್ 22, ಭಾನುವಾರ

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಇವರೂ ಒಂದು ಮಾತು ಬೈಯಲಿಲ್ಲ. ಇಬ್ಬರೂ ಸೇರಿ ಪಾತ್ರೆ ತೊಳೆದರು. ನನ್ನ ತಟ್ಟೆಯನ್ನೂ ತೊಳೆದರು.

ಜೂನ್ 24, ಮಂಗಳವಾರ

ಬೈಪಾಸ್ ಕಾಲೇಜಿಗೆ ಒಪ್ಪಿಗೆ ಕಳಿಸಿದೆವು. ಅದಕ್ಕೆ ಇವತ್ತೇ ಕೊನೆ. ಗುಂಡಿಯೇ ಬರೆದಳು. ಒಂದೇ ಸಾಲು: ಸೀಟನ್ನು ಒಪ್ಪಿಕೊಂಡಿದ್ದೇನೆ. ನನಗೆ ತೋರಿಸಲಿಲ್ಲ, ಹಿಂದೆ ನಿಂತು ಓದಿದೆ.

ಅಡುಗೆಮನೆಯಲ್ಲಿ ಅವಳ ಕೈ ಹಿಡಿದುಕೊಂಡೆ. "ತಪ್ಪಾಯ್ತು ಕಣೇ. ನನ್ನಿಂದ ಹೀಗಾಯ್ತು" ಎಂದೆ. ಮಗಳ ಎದುರು ಈ ಮಾತು ಆಡಿದ್ದು ಇದೇ ಮೊದಲು ಅನ್ನಿಸುತ್ತದೆ.

"ಪರವಾಗಿಲ್ಲಮ್ಮಾ" ಎಂದಳು. "ನಾಲ್ಕು ವರ್ಷ ತಾನೇ."

ಕೈ ಬಿಡಿಸಿಕೊಂಡು ಸ್ಟೌ ಒರೆಸಿದಳು. ನನಗೆ ಎಷ್ಟೋ ಸಮಾಧಾನವಾಯಿತು. ಹಣ ಅರ್ಧಕ್ಕರ್ಧ ಉಳಿಯುತ್ತದೆ, ಅದೂ ಸುಳ್ಳಲ್ಲ. ಇವರಿಗೆ ಅದನ್ನೇ ಹೇಳಲು ಹೋದೆ. "ಉಳಿದ ದುಡ್ಡಲ್ಲಿ ಏನು ಕೊಳ್ಳೋಣ ಅಂತೀಯ?" ಎಂದು ಕೇಳಿದರು. ಕುಹಕವಲ್ಲ, ಇವರಿಗೆ ಕುಹಕ ಬರುವುದೇ ಇಲ್ಲ. ನಿಜವಾಗಿಯೂ ಕೇಳಿದರು.

ಜುಲೈ 8, ಮಂಗಳವಾರ

ಹೊಸ ಹಾಸಿಗೆಗಳು ಬಂದು ವಾರವಾಯಿತು. ವಾರ್ಡಿನಿಂದ ಚೀಟಿ ಬಂತು. ಎಲ್ಲದರಲ್ಲೂ 'ಪರವಾಗಿಲ್ಲ'. ಗುಮಾಸ್ತೆ ಹಿಗ್ಗುತ್ತ ತಂದು ತೋರಿಸಿದಳು, "ಮೇಡಂ, ಇಂಪಾದ ಮಾತು!" ಎಂದು. ಅವಳ ಮೇಲೆ ಸಿಡುಕಿದೆ. ಯಾಕೆ ಸಿಡುಕಿದೆನೋ.

ಮೂರನೇ ಮಹಡಿಯ ವಾರ್ಡಿಗೆ ಹೋದೆ. ದಾದಿಯನ್ನು ಹಿಡಿದು ಕೇಳಿದೆ, "ಪರವಾಗಿಲ್ಲ ಅಂದ್ರೆ ಏನಮ್ಮಾ? ಬೆನ್ನು ನೋಯತ್ತಾ? ಬೆವರತ್ತಾ? ಏನು?"

ಅವಳು ಕಕ್ಕಾಬಿಕ್ಕಿಯಾದಳು. "ಹಾಗಂದ್ರೆ... ದೂರು ಹೇಳೋ ಅಷ್ಟು ಕೆಟ್ಟದಾಗಿಲ್ಲ ಮೇಡಂ. ನಿಮಗೆ ಹೇಳಿ ಏನುಪಯೋಗ ಅಂತ ಹಾಕ್ತೀವಿ."

ಖಾಲಿ ಮಂಚವೊಂದಿತ್ತು. ಚಪ್ಪಲಿ ಬಿಟ್ಟು ಮಲಗಿದೆ. ಇಷ್ಟು ವರ್ಷ ಹಾಸಿಗೆ ಕೊಂಡಿದ್ದೇನೆ, ಒಂದರ ಮೇಲೂ ಮಲಗಿ ನೋಡಿರಲಿಲ್ಲ. ಸೊಂಟದ ಹತ್ತಿರ ಕುಸಿಯುತ್ತದೆ, ಕೆಳಗಿನ ಪಟ್ಟಿ ಬೆನ್ನಿಗೆ ಒತ್ತುತ್ತದೆ. ಪಕ್ಕದ ಮಂಚದ ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕು, "ಪರವಾಗಿಲ್ಲ ಮಗಳೇ, ನಾಲ್ಕು ದಿನ ತಾನೇ, ಅಭ್ಯಾಸ ಆಗತ್ತೆ" ಎಂದರು. ಏಳಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ. ದಾದಿ ರಕ್ತದೊತ್ತಡ ನೋಡಬೇಕೇ ಎಂದು ಕೇಳಿದಳು.

ಹಾಸಿಗೆ ಮಾಮನಿಗೆ ಫೋನು ಮಾಡಿ, ಮುಂದಿನ ಟೆಂಡರು ತುಂಬುವಾಗ ದರದ ಕೆಳಗೆ ಏನೂ ಬರೆಯಬೇಡಿ, ದಮ್ಮಯ್ಯ, ಎಂದೆ. ಮಳೆ ಹಿಡಿದು ಬಿಟ್ಟಿಲ್ಲ, ತಲೆ ಸರಿಯಿಲ್ಲ.

ಜುಲೈ 26, ಶನಿವಾರ

ನಾಳೆ ಹೊರಡುತ್ತಾಳೆ. ಪೆಟ್ಟಿಗೆ ಕೊಳ್ಳಲು ಇಬ್ಬರೂ ಅಂಗಡಿಗೆ ಹೋಗಿದ್ದೆವು. ಗಾಲಿಯ ಪೆಟ್ಟಿಗೆ, ನೀಲಿ ಬಣ್ಣದ್ದು, ಅವಳಿಗೆ ಹಿಡಿಸಿತು. ಅಂಗಡಿಯವನು ಬೆಲೆ ಹೇಳಿದ, ಎಣಿಸಿ ಕೊಟ್ಟೆ. ಹೊರಗೆ ಬಂದ ಮೇಲೆ ಗುಂಡಿ ನಿಂತು ನನ್ನನ್ನೇ ನೋಡಿದಳು.

"ಏನೇ?"

"ಅಮ್ಮಾ, ಅವ್ನು ಎಷ್ಟು ಜಾಸ್ತಿ ಹೇಳ್ದ ಗೊತ್ತಾ? ನೀನು ಒಂದು ಮಾತೂ ಆಡ್ಲಿಲ್ಲ."

ನಿಜವೇ, ಮರೆತೇ ಹೋಗಿತ್ತು. ಕಾಲು ನೋಯುತ್ತಿತ್ತು, ಬೇಗ ಮನೆ ಸೇರಿದರೆ ಸಾಕಾಗಿತ್ತು. ಅವಳು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿ ನನ್ನ ತೋಳು ಹಿಡಿದುಕೊಂಡಳು. ಹಾಗೆಯೇ ಬಸ್ ಸ್ಟಾಪಿನವರೆಗೆ ನಡೆದೆವು.

ಆಗಸ್ಟ್ 10, ಭಾನುವಾರ

ಗುಂಡಿಗೆ ಫೋನು ಮಾಡಿದೆ. ಈ ಮಾತು ಬರೆಯುವಾಗೆಲ್ಲ ಒಂದು ಕ್ಷಣ ತಡೆಯುತ್ತೇನೆ. ಗುಂಡಿಗೆ ಎಂದರೆ ಅವಳಿಗೆ ಎಂದೂ ಆಗುತ್ತದೆ, ಎದೆಯೊಳಗೆ ಬಡಿದುಕೊಳ್ಳುವುದೂ ಅದೇ. ಚಿಕ್ಕವಳಿದ್ದಾಗ ಇದನ್ನು ಹೇಳಿ ಅವಳನ್ನು ನಗಿಸುತ್ತಿದ್ದೆ.

ಊಟ ಹೇಗಿದೆ ಎಂದೆ. ಪರವಾಗಿಲ್ಲ ಎಂದಳು. ರೂಮಿನವಳು? ಪರವಾಗಿಲ್ಲ. ಕಿಟಕಿಯಿಂದ ಏನು ಕಾಣತ್ತೆ ಎಂದು ಕೇಳಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಅವಳೇ ಹೇಳಿದಳು, ಲಾರಿಗಳು ಕಾಣುತ್ತವಂತೆ.

"ವರ್ಕ್‌ಶಾಪು?"

"ಕಟ್ಟಡ ಮುಗಿದಿಲ್ಲಮ್ಮಾ. ಪ್ಲಾಸ್ಟರ್ ಮೂಟೆ ಬಂದು ಬಿದ್ದಿವೆ, ಬೀಗ ಹಾಕಿಟ್ಟಿದಾರೆ. ಈ ವರ್ಷ ಬರೀ ಬೋರ್ಡ್ ಮೇಲೆ ಬರೆದು ತೋರಿಸ್ತಾರಂತೆ. ನಾನು ಮೈದಾ ಹಿಟ್ಟು ಕಲಸ್ಕೊಂಡು ರೂಮಲ್ಲೇ ಒಂದು ಪಾದ ಮಾಡಿದ್ದೆ. ಇರುವೆ ಬಂತು." ನಕ್ಕಳು.

ನಾನೂ ನಗಬೇಕಿತ್ತು.

"ಒಟ್ನಲ್ಲಿ ಕಾಲೇಜು ಹೇಗಿದ್ಯೇ? ನಿಜ ಹೇಳು."

"ಪರವಾಗಿಲ್ಲಮ್ಮಾ."

"ಪರವಾಗಿಲ್ಲ ಅಂದ್ರೆ ಏನೇ?"

ಅವಳ ಹಿಂದೆ ಲಾರಿಯೊಂದು ಹಾರ್ನ್ ಹೊಡೆಯುತ್ತ ಹೋಯಿತು.

"ನಿಂಗೆ ಗೊತ್ತಲ್ಲಮ್ಮಾ" ಎಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ ಹೇಳಿದಳು. ಆಮೇಲೆ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ ಎಂದು ಕೇಳಿದಳು. ಹೂಂ ಎಂದೆ.

ಫೋನಿಟ್ಟೆ. ಇವರು ಒಳಗಿನಿಂದ ಕೂಗಿದರು, "ಏನಂತಾಳೆ ಮಗಳು? ಕಾಲೇಜು ಹೇಗಿದ್ಯಂತೆ?"

"ಚೆನ್ನಾಗಿದೆಯಂತೆ" ಎಂದೆ.